ರೋಗಿಯ ಮಗ್ಗುಲ ಯಂತ್ರಕ್ಕೆ ಹೊಣೆ ಯಾರು?

ಹಿಂದಿನ ಕಾಲದ ವೈದ್ಯರು ರೋಗಿಯ ಮುಂಗೈಯ ಮೇಲೆ ಮೂರು ಬೆರಳನ್ನಿಟ್ಟು ನಾಡಿಯನ್ನು ನೋಡುತ್ತಿದ್ದರು. ನಾಲಗೆಯನ್ನೂ ಕಣ್ಣನ್ನೂ ಪರೀಕ್ಷಿಸುತ್ತಿದ್ದರು. 1816ರಲ್ಲಿ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ಕಾಗದವನ್ನು ಸುರುಳಿ ಸುತ್ತಿ, ಅದರ ಒಂದು ತುದಿಯನ್ನು ರೋಗಿಯ ಎದೆಗೂ ಇನ್ನೊಂದು ತುದಿಯನ್ನು ತನ್ನ ಕಿವಿಗೂ ಆನಿಸಿ ಹೃದಯದ ಬಡಿತವನ್ನು ಆಲಿಸಿದನು. ಸ್ಟೆತೊಸ್ಕೋಪು ಹುಟ್ಟಿದ್ದು ಹೀಗೆ. ಅಂದಿನಿಂದ ವೈದ್ಯನಿಗೂ ರೋಗಿಗೂ ನಡುವಣ ಸ್ಥಳದಲ್ಲಿ ಉಪಕರಣಗಳು ಒಂದೊಂದಾಗಿ ಬಂದು ನಿಲ್ಲುತ್ತಲೇ ಇವೆ. ಇಂದು ತೀವ್ರನಿಗಾ ಘಟಕದ ಒಂದು ಹಾಸಿಗೆಯ ಬಳಿ ನಿಂತು ನೋಡಿದರೆ, ಹೃದಯದ ಗತಿಯನ್ನು ತೋರಿಸುವ ಮಾನಿಟರು, ಉಸಿರನ್ನು ಒದಗಿಸುವ ವೆಂಟಿಲೇಟರು, ಔಷಧವನ್ನು ಅಳೆದು ರಕ್ತನಾಳಕ್ಕೆ ಒತ್ತುವ ಪಂಪುಗಳು, ಅನತಿದೂರದಲ್ಲಿ, ಲಯ ತಪ್ಪಿ ಅದುರುವ ಹೃದಯಕ್ಕೆ ಆಘಾತ ಕೊಟ್ಟು ಲಯಕ್ಕೆ ತರುವ ಡಿಫಿಬ್ರಿಲೇಟರು, ಇಷ್ಟಾದರೂ ಕಣ್ಣಿಗೆ ಬೀಳುತ್ತವೆ. ವೈದ್ಯರು ರೋಗಿಯ ಮುಖವನ್ನು ನೋಡುವಷ್ಟೇ ಗಮನದಿಂದ ಯಂತ್ರ ಬರೆದ ಅಂಕಿಯನ್ನೂ ನೋಡುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೆರಳಿಟ್ಟು ನೋಡಿದ ನಾಡಿ ತಪ್ಪಾದರೆ ಅದಕ್ಕೆ ವೈದ್ಯರೇ ಹೊಣೆ. ಆದರೆ ಯಂತ್ರವೇ ತಪ್ಪು ಹೇಳಿದರೆ? ಅದು ಹೇಳಿದ್ದು ತಪ್ಪೆಂದು ರೋಗಿಗೆ ತಿಳಿಯದು, ದಾದಿಗೆ ತಿಳಿಯದು, ಬಹುಮಟ್ಟಿಗೆ ವೈದ್ಯರಿಗೂ ತಿಳಿಯದು. ಯಂತ್ರದ ಮಾತು ನಿಜವೆಂದು ಮೊದಲೇ ಪರೀಕ್ಷಿಸಿ ಭರವಸೆ ಕೊಡುವವರೊಬ್ಬರು ಬೇಕಾಗುತ್ತಾರೆ.

ಈ ಹೊಣೆಯನ್ನು ಹೊರುವವರೇ ಜೀವವೈದ್ಯಕೀಯ ಎಂಜಿನಿಯರರು. ಆಸ್ಪತ್ರೆಯ ಆಡುಮಾತಿನಲ್ಲಿ ‘ಬಯೋಮೆಡಿಕಲ್‌ನವರು’. ಹೆಸರನ್ನು ಕೇಳಿದ ಕೆಲವರು ಇವರನ್ನು ಅರ್ಧ ವೈದ್ಯರೆಂದು ಭಾವಿಸುವುದುಂಟು. ಇನ್ನು ಕೆಲವರು ಕೆಟ್ಟ ಯಂತ್ರವನ್ನು ರಿಪೇರಿ ಮಾಡುವವರೆಂದಷ್ಟೇ ತಿಳಿಯುವುದುಂಟು. ಎರಡೂ ಪೂರ್ತಿ ಸರಿಯಲ್ಲ. ಇವರು ಚಿಕಿತ್ಸೆ ಕೊಡುವುದಿಲ್ಲ. ಚಿಕಿತ್ಸೆ ಕೊಡುವ ಕೈಗೆ ನಂಬತಕ್ಕ ಯಂತ್ರವನ್ನು ಒದಗಿಸುತ್ತಾರೆ. ಇವರ ಕೆಲಸವೇನು, ಅದಕ್ಕೆ ಬೇಕಾದ ಓದು ಯಾವುದು, ಗುಣ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ಮಗನೋ ಮಗಳೋ ಪಿ.ಯು.ಸಿ. ಮುಗಿಸಿ ಮುಂದೇನೆಂದು ಯೋಚಿಸುತ್ತಿರುವ ಮನೆಗಳಿಗೆ ಇದರಿಂದ ಪ್ರಯೋಜನವಾದೀತೆಂದು ನಮ್ಮ ನಂಬಿಕೆ.

ಬೆಂಗಳೂರಿನ ಮೂರು ಮೂಲೆಗಳು

ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ವೈದ್ಯಕೀಯ ಯಂತ್ರವೊಂದರ ಬಾಳಿನಲ್ಲಿ ಮೂರು ಘಟ್ಟಗಳಿವೆ: ಅದನ್ನು ಕಲ್ಪಿಸಿ ರೂಪಿಸುವುದು, ತಯಾರಿಸುವುದು, ಆಸ್ಪತ್ರೆಯಲ್ಲಿ ಅದನ್ನು ಕಾಪಾಡುವುದು. ಈ ಮೂರನ್ನೂ ಬೆಂಗಳೂರಿನ ಹೊರವಲಯದಲ್ಲಿ ಕಾಣಬಹುದು.

ಪೂರ್ವದಲ್ಲಿ ವೈಟ್‌ಫೀಲ್ಡ್ ಇದೆ. 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಬಾಳಲೆಂದು ನೆಲೆಗೊಂಡ ಊರು ಅದು. 1990ರಲ್ಲಿ ವಿಪ್ರೊ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗಳು ಕೂಡಿ ಸ್ಥಾಪಿಸಿದ ವೈದ್ಯಕೀಯ ಯಂತ್ರಗಳ ಉದ್ಯಮ ಅಲ್ಲಿ ಬೆಳೆಯಿತು. 2000ದಲ್ಲಿ ಜನರಲ್ ಎಲೆಕ್ಟ್ರಿಕ್ಕಿನ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರವೂ ಅಲ್ಲಿ ತೆರೆಯಿತು. ಅದರ ಮರುವರ್ಷವೇ, ರೋಗಿಗಳಿಂದ ಹಣ ಪಡೆಯದೆ ಹೃದಯ ಮತ್ತು ಮಿದುಳಿನ ಚಿಕಿತ್ಸೆ ನಡೆಸುವ ಶ್ರೀ ಸತ್ಯಸಾಯಿ ಉನ್ನತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಅದೇ ಪ್ರದೇಶದಲ್ಲಿ ಪ್ರಾರಂಭವಾಯಿತು.

ದಕ್ಷಿಣದಲ್ಲಿರುವುದು ಎಲೆಕ್ಟ್ರಾನಿಕ್ ಸಿಟಿ. 1970ರ ದಶಕದಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು ಕಂಡ ಕನಸಿನಿಂದ ಮೂಡಿದ ನಗರವಿದು. ಅದನ್ನು ದಾಟಿ ಹೊಸೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಬೊಮ್ಮಸಂದ್ರ. ಹೃದಯ ಶಸ್ತ್ರಚಿಕಿತ್ಸೆಯನ್ನು ಬಡವರಿಗೆ ಎಟುಕುವ ಬೆಲೆಗೆ ತರಬೇಕೆಂದು ಡಾ. ದೇವಿ ಶೆಟ್ಟಿಯವರು ಈ ಶತಮಾನದ ಆರಂಭದಲ್ಲಿ ಸ್ಥಾಪಿಸಿದ ನಾರಾಯಣ ಹೃದಯಾಲಯ ಇಲ್ಲಿದೆ.

ವಾಯವ್ಯದಲ್ಲಿ ಪೀಣ್ಯವಿದೆ. ಲೇತು, ಮಿಲ್ಲಿಂಗ್, ತಗಡಿನ ಕೆಲಸ, ಅಚ್ಚಿನ ಕೆಲಸ, ಲೋಹಲೇಪನ ಇವುಗಳನ್ನು ನಡೆಸುವ ಅಸಂಖ್ಯಾತ ಸಣ್ಣ ಕಾರ್ಖಾನೆಗಳ ಬೀಡು. ಅದರ ನೆರೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿದೆ. ಈಗ ಈ ಮೂರು ದಿಕ್ಕಿಗೂ ಮೆಟ್ರೊ ರೈಲು ಓಡುತ್ತದೆ: ಪೀಣ್ಯಕ್ಕೆ 2014ರಿಂದ, ವೈಟ್‌ಫೀಲ್ಡಿಗೆ 2023ರಿಂದ, ಎಲೆಕ್ಟ್ರಾನಿಕ್ ಸಿಟಿ ಮತ್ತು ಬೊಮ್ಮಸಂದ್ರಗಳಿಗೆ 2025ರಿಂದ.

ವೋಲ್ಟಿನ ಸಾವಿರದಲ್ಲೊಂದು ಪಾಲು

ಮೊದಲನೆಯ ಘಟ್ಟವಾದ ರೂಪಿಸುವ ಕೆಲಸವನ್ನು ತಿಳಿಯಲು ಎಲ್ಲರೂ ಬಲ್ಲ ಇ.ಸಿ.ಜಿ. ಯಂತ್ರವನ್ನು ತೆಗೆದುಕೊಳ್ಳೋಣ. ಹೃದಯ ಒಮ್ಮೆ ಬಡಿಯುವಾಗ ಅದರ ಸ್ನಾಯುವಿನಲ್ಲಿ ಒಂದು ವಿದ್ಯುತ್ತಿನ ಅಲೆ ಹರಿಯುತ್ತದೆ. ಆ ಅಲೆ ಚರ್ಮದ ಮೇಲಕ್ಕೆ ಬರುವ ವೇಳೆಗೆ ಅದರ ಪ್ರಮಾಣ ಸುಮಾರು ಒಂದು ಮಿಲಿವೋಲ್ಟು, ಎಂದರೆ ವೋಲ್ಟಿನ ಸಾವಿರದಲ್ಲೊಂದು ಪಾಲು ಮಾತ್ರ. ನಮ್ಮ ಮನೆಯ ಗೋಡೆಗಳಲ್ಲಿ ಹರಿಯುವ ವಿದ್ಯುತ್ತಿನ ಒತ್ತಡವಾದರೋ 230 ವೋಲ್ಟು. ಹೃದಯದ ಸಂಕೇತಕ್ಕಿಂತ ಎರಡು ಲಕ್ಷ ಮಡಿಗೂ ಹೆಚ್ಚು. ಸೆಕೆಂಡಿಗೆ 50 ಸಲ ಕಂಪಿಸುವ ಈ ವಿದ್ಯುತ್ತಿನ ಗುಂಗನ್ನು ರೋಗಿಯ ದೇಹ ಏರಿಯಲ್ಲಿನಂತೆ ಹಿಡಿದುಕೊಳ್ಳುತ್ತದೆ. ಈ ಗದ್ದಲದಲ್ಲಿ ಹೃದಯದ ಪಿಸುಮಾತನ್ನು ಕೇಳುವುದು ಹೇಗೆ?

ಜಾತ್ರೆಯಲ್ಲಿ ತುಸು ಅಂತರದಲ್ಲಿ ಇಬ್ಬರು ನಿಂತಿದ್ದಾರೆ ಎನ್ನೋಣ. ದೂರದ ತಮಟೆ ಇಬ್ಬರಿಗೂ ಒಂದೇ ಸಮನಾಗಿ ಕೇಳಿಸುತ್ತದೆ. ಆದರೆ ಒಬ್ಬನ ಕಿವಿಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಅದು ಅವನಿಗೆ ಮಾತ್ರ ಕೇಳಿಸುತ್ತದೆ. ಒಬ್ಬನು ಕೇಳಿದ್ದರಿಂದ ಇನ್ನೊಬ್ಬನು ಕೇಳಿದ್ದನ್ನು ಕಳೆದರೆ ತಮಟೆಯ ಸದ್ದು ಅಳಿದು ಪಿಸುಮಾತೊಂದೇ ಉಳಿಯುತ್ತದೆ. ಇ.ಸಿ.ಜಿ. ಯಂತ್ರದ ವರ್ಧಕ ಮಾಡುವುದು ಈ ಕಳೆಯುವ ಲೆಕ್ಕವನ್ನೇ. ದೇಹದ ಎರಡು ಕಡೆ ಅಂಟಿಸಿದ ಎಲೆಕ್ಟ್ರೋಡುಗಳಿಗೆ ವಿದ್ಯುತ್ತಿನ ಗುಂಗು ಬಹುಮಟ್ಟಿಗೆ ಸಮನಾಗಿ ಬರುತ್ತದೆ. ಹೃದಯದ ಸಂಕೇತ ಬೇರೆಬೇರೆಯಾಗಿ ಬರುತ್ತದೆ. ಉಳಿದ ಗುಂಗನ್ನು ತಿರುಗುಮುರುಗು ಮಾಡಿ ಬಲಗಾಲಿನ ತಂತಿಯ ಮೂಲಕ ದೇಹಕ್ಕೇ ಹಿಂದಿರುಗಿಸಿ ಅಡಗಿಸುತ್ತಾರೆ.

ಇಷ್ಟಾದರೆ ಸಾಲದು. ಬರೆದ ಗೆರೆಯ ಅಳತೆಯೂ ನಿಜವಾಗಿರಬೇಕು. ಸಾಮಾನ್ಯವಾಗಿ ಇ.ಸಿ.ಜಿ. ಕಾಗದ ಸೆಕೆಂಡಿಗೆ 25 ಮಿಲಿಮೀಟರು ಸರಿಯುತ್ತದೆ. ಅದರ ಮೇಲಿನ ದೊಡ್ಡ ಚೌಕದ ಅಗಲ 5 ಮಿಲಿಮೀಟರು. ಎರಡು ಬಡಿತಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೆಂದು ಎಣಿಸಿ, ಅದರಿಂದ 300ನ್ನು ಭಾಗಿಸಿದರೆ ನಿಮಿಷಕ್ಕೆ ಎಷ್ಟು ಬಡಿತವೆಂದು ತಿಳಿಯುತ್ತದೆ. ಐದು ಚೌಕಗಳಿದ್ದರೆ 60 ಬಡಿತ. ಈಗ ಕಾಗದವನ್ನು ಎಳೆಯುವ ಮೋಟಾರು ಸವೆದು ಸೆಕೆಂಡಿಗೆ 20 ಮಿಲಿಮೀಟರು ಮಾತ್ರ ಎಳೆಯುತ್ತಿದೆ ಎಂದಿಟ್ಟುಕೊಳ್ಳಿ. ಅದೇ ಹೃದಯ, ಅದೇ ಬಡಿತ. ಆದರೆ ಚೌಕಗಳು ನಾಲ್ಕೇ ಆಗುತ್ತವೆ, ಲೆಕ್ಕ 75 ಎಂದು ಬರುತ್ತದೆ. ಗೆರೆ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಸುಳ್ಳೆಂದು ಯಾರಿಗೂ ತೋರುವುದಿಲ್ಲ. ಕೆಟ್ಟು ನಿಂತ ಯಂತ್ರಕ್ಕಿಂತ ತಪ್ಪಾಗಿ ನಡೆಯುವ ಯಂತ್ರ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಇದೊಂದು ನಿದರ್ಶನ.

ಹೃದಯದ ವಿದ್ಯುತ್ತನ್ನು ನಿಖರವಾಗಿ ಬರೆಯುವ ವಿಧಾನವನ್ನು ಸಾಧಿಸಿದ್ದಕ್ಕಾಗಿ ಹಾಲೆಂಡಿನ ಐಂತೋವನ್ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅವರ ಆದಿಯ ಯಂತ್ರ ಸುಮಾರು 270 ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ನಡೆಸಲು ಐದು ಜನ ಬೇಕಾಗುತ್ತಿದ್ದರು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂಡಬೇಕಾಗಿತ್ತು. ಇದರೊಡನೆ ಬೆಂಗಳೂರಿನ ಒಂದು ಯಂತ್ರವನ್ನು ಹೋಲಿಸೋಣ. ಈ ಶತಮಾನದ ಮೊದಲ ದಶಕದ ಕೊನೆಯ ವೇಳೆಗೆ ಜನರಲ್ ಎಲೆಕ್ಟ್ರಿಕ್ಕಿನ ಬೆಂಗಳೂರಿನ ಎಂಜಿನಿಯರರು ‘ಮ್ಯಾಕ್ 400’ ಎಂಬ ಇ.ಸಿ.ಜಿ. ಯಂತ್ರವನ್ನು ರೂಪಿಸಿದರು. ವಿದ್ಯುತ್ತು ಆಗಾಗ ಹೋಗುವ ಊರು, ಕೆಟ್ಟ ರಸ್ತೆ, ಹೆಚ್ಚು ಹಣ ತೆರಲಾರದ ರೋಗಿ, ಇವೇ ಅವರ ಮುಂದಿದ್ದ ಷರತ್ತುಗಳು. ಆದುದರಿಂದ ಯಂತ್ರ ಬ್ಯಾಟರಿಯಿಂದಲೂ ನಡೆಯಬೇಕು, ಹೆಗಲಚೀಲದಲ್ಲಿ ಹಿಡಿಸಬೇಕು. ಅವರು ಗುಂಡಿಗಳನ್ನು ನಾಲ್ಕಕ್ಕೆ ಇಳಿಸಿದರು. ಭಾರವಾದ ಮುದ್ರಕವನ್ನು ಬಿಟ್ಟು, ಟಿಕೆಟು ಮುದ್ರಿಸುವ ಕೈಯಂತ್ರಗಳಲ್ಲಿರುವಂಥ ಪುಟ್ಟ ಮುದ್ರಕವನ್ನು ಅಳವಡಿಸಿದರು. ಯಂತ್ರದ ಬೆಲೆ ಸುಮಾರು 800 ಡಾಲರಿಗೆ, ಎಂದರೆ ಅಂದಿನ ಸಾಮಾನ್ಯ ಯಂತ್ರದ ಬೆಲೆಯ ಅರ್ಧಕ್ಕಿಂತ ಕೆಳಕ್ಕೆ ಇಳಿಯಿತು.

ಇದರಲ್ಲಿ ವಾಚಕರು ಗಮನಿಸತಕ್ಕ ಅಂಶವೊಂದಿದೆ. ಮುದ್ರಕ, ಗುಂಡಿ, ತೂಕ ಇವನ್ನು ಕಡಿಮೆ ಮಾಡಬಹುದು. ಹೃದಯದ ಸಂಕೇತವನ್ನು ಹಿಡಿಯುವ ವರ್ಧಕದ ನಿಷ್ಠೆಯನ್ನು ಕಡಿಮೆ ಮಾಡುವಂತಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಚನೆಯೇ ಈ ವೃತ್ತಿಯ ತಿರುಳು. ಅದಕ್ಕೆ ವಿದ್ಯುತ್ತಿನ ಜ್ಞಾನ ಎಷ್ಟು ಬೇಕೋ ದೇಹದ ಜ್ಞಾನವೂ ಅಷ್ಟೇ ಬೇಕು.

ಆಸ್ಪತ್ರೆಯೊಳಗಿನ ಸುತ್ತು

ಯಂತ್ರ ಆಸ್ಪತ್ರೆಗೆ ಬಂದ ಮೇಲಿನ ಕೆಲಸ ಬೇರೆ ಬಗೆಯದು. ವೈದ್ಯರು ವಾರ್ಡುಗಳನ್ನು ಸುತ್ತುವಂತೆ ಈ ಎಂಜಿನಿಯರರೂ ಸುತ್ತಬೇಕು. ವೈದ್ಯರ ಕೈಯಲ್ಲಿ ರೋಗಿಯ ಚೀಟಿಯಿದ್ದರೆ ಇವರ ಕೈಯಲ್ಲಿ ಯಂತ್ರದ ಚರಿತ್ರೆಯಿರುತ್ತದೆ: ಎಂದು ಬಂದಿತು, ಎಂದು ಪರೀಕ್ಷೆಯಾಯಿತು, ಯಾವ ಭಾಗ ಬದಲಾಯಿತು, ಮುಂದಿನ ಪರೀಕ್ಷೆ ಯಾವ ದಿನ. ಇವರು ನಡೆಸುವ ಪರೀಕ್ಷೆಗಳಲ್ಲಿ ಮೂರನ್ನು ಇಲ್ಲಿ ಹೇಳಬಹುದು.

ಮೊದಲನೆಯದು ಸೋರುವ ವಿದ್ಯುತ್ತಿನ ಪರೀಕ್ಷೆ. ಯಾವ ವಿದ್ಯುದ್ಯಂತ್ರದಿಂದಲೂ ಅತ್ಯಲ್ಪ ವಿದ್ಯುತ್ತು ಹೊರಕ್ಕೆ ಸೋರುತ್ತದೆ. ಆರೋಗ್ಯವಂತನಿಗೆ ಅದು ತಿಳಿಯುವುದೇ ಇಲ್ಲ, ಏಕೆಂದರೆ ಒಣಗಿದ ಚರ್ಮ ಅದನ್ನು ತಡೆಯುತ್ತದೆ. ಆದರೆ ರಕ್ತನಾಳದ ಮೂಲಕ ಹೃದಯದೊಳಕ್ಕೇ ಕೊಳವೆಯನ್ನು ತೂರಿಸಿರುವ ರೋಗಿಗೆ ಆ ರಕ್ಷಣೆಯಿಲ್ಲ. ಅಂಥ ಉಪಕರಣದಿಂದ ರೋಗಿಗೆ ಸೋರುವ ವಿದ್ಯುತ್ತು ಸಾಮಾನ್ಯ ಸ್ಥಿತಿಯಲ್ಲಿ 10 ಮೈಕ್ರೋಆಂಪಿಯರನ್ನು ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಅರುವತ್ತು ವಾಟಿನ ಹಳೆಯ ಬಲ್ಬಿನಲ್ಲಿ ಹರಿಯುವ ವಿದ್ಯುತ್ತು ಇದರ ಸುಮಾರು 26,000 ಮಡಿ ಎಂದರೆ ಈ ಮಿತಿ ಎಷ್ಟು ಕಿರಿದೆಂದು ತಿಳಿದೀತು. ನೆಲಕ್ಕೆ ಸೇರಿಸಿದ ತಂತಿಯೊಂದು ಪ್ಲಗ್ಗಿನೊಳಗೆ ಸಡಿಲವಾದರೂ ಈ ಮಿತಿ ದಾಟಬಹುದು. ಅದನ್ನು ಕಂಡುಹಿಡಿಯಲು ಕಣ್ಣು ಸಾಲದು, ಮಾಪಕ ಬೇಕು.

ಎರಡನೆಯದು ಔಷಧದ ಪಂಪಿನ ಪರೀಕ್ಷೆ. ಇಳಿದುಹೋದ ರಕ್ತದೊತ್ತಡವನ್ನು ಎತ್ತುವ ತೀಕ್ಷ್ಣ ಔಷಧಗಳನ್ನು ಗಂಟೆಗೆ ಕೆಲವೇ ಮಿಲಿಲೀಟರಿನಂತೆ ಕೊಡುತ್ತಾರೆ. ಪಂಪನ್ನು ಗಂಟೆಗೆ 5 ಮಿಲಿಲೀಟರಿಗೆ ಇಟ್ಟು, ಔಷಧಕ್ಕೆ ಬದಲು ನೀರನ್ನು ಹರಿಸಿ, ಒಂದು ಗಂಟೆ ಕಳೆದ ಮೇಲೆ ತೂಗಬೇಕು. ನೀರಿನ ಒಂದು ಮಿಲಿಲೀಟರಿಗೆ ಒಂದು ಗ್ರಾಂ ಸರಿಯಷ್ಟೆ. ತಕ್ಕಡಿ 5 ಗ್ರಾಂ ತೋರಿಸಬೇಕು. 6 ತೋರಿಸಿದರೆ ರೋಗಿಗೆ ಶೇಕಡ 20ರಷ್ಟು ಹೆಚ್ಚು ಔಷಧ ಹೋಗುತ್ತಿತ್ತೆಂದು ಅರ್ಥ. ಗಡಿಯಾರ ಮತ್ತು ತಕ್ಕಡಿಗಳಿಂದ ನಡೆಯುವ ಈ ಸರಳ ಪರೀಕ್ಷೆಯ ಹಿಂದೆ ಒಂದು ಜೀವ ನಿಂತಿದೆ.

ಮೂರನೆಯದು ಡಿಫಿಬ್ರಿಲೇಟರಿನದು. ಲಯ ತಪ್ಪಿ ಅದುರುವ ಹೃದಯಕ್ಕೆ ಈ ಯಂತ್ರ ಸುಮಾರು 200 ಜೂಲ್ ಶಕ್ತಿಯನ್ನು ಕಣ್ಣು ಮಿಟುಕಿಸುವುದರೊಳಗೆ ಕೊಡುತ್ತದೆ. ಇಪ್ಪತ್ತು ಕಿಲೋ ಅಕ್ಕಿಯ ಮೂಟೆಯನ್ನು ಒಂದು ಮೀಟರು ಎತ್ತಲು ಬೇಕಾದ ಶಕ್ತಿ ಅದು. ಎಂಜಿನಿಯರರು ರೋಗಿಯ ಎದೆಗೆ ಬದಲಾಗಿ 50 ಓಮ್ ತಡೆಯುಳ್ಳ ಪರೀಕ್ಷಾಪೆಟ್ಟಿಗೆಗೆ ಅದನ್ನು ಹರಿಸಿ ಅಳೆಯುತ್ತಾರೆ. ಈ ಯಂತ್ರ ವಾರಗಟ್ಟಲೆ ಸುಮ್ಮನೆ ನಿಂತಿದ್ದು, ಒಂದು ದಿನ ಒಂದು ನಿಮಿಷಕ್ಕೆ ಬೇಕಾಗುತ್ತದೆ. ಆ ನಿಮಿಷದಲ್ಲಿ ಬ್ಯಾಟರಿ ಇಳಿದಿದೆಯೆಂದು ತಿಳಿದರೆ ಪ್ರಯೋಜನವಿಲ್ಲ.

ಈ ಸುತ್ತು ಎಲ್ಲಿ ನಡೆಯುವುದಿಲ್ಲವೋ ಅಲ್ಲಿ ಏನಾಗುತ್ತದೆಂಬುದಕ್ಕೆ ಅಂಕಿಗಳೇ ಸಾಕ್ಷಿ. ರಾಷ್ಟ್ರೀಯ ಆರೋಗ್ಯ ಅಭಿಯಾನದವರು 29 ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಏಳೂವರೆ ಲಕ್ಷ ಉಪಕರಣಗಳ ಗಣತಿ ಮಾಡಿದರು. ರಾಜ್ಯ ರಾಜ್ಯಕ್ಕೆ ವ್ಯತ್ಯಾಸವಿದ್ದು, ನೂರಕ್ಕೆ 13ರಿಂದ 34ರವರೆಗೆ ಉಪಕರಣಗಳು ಕೆಲಸ ಮಾಡದೆ ನಿಂತಿದ್ದುವು. ಇದಕ್ಕಾಗಿಯೇ 2015ರಲ್ಲಿ ಉಪಕರಣಗಳ ಸಂರಕ್ಷಣೆಯ ಕಾರ್ಯಕ್ರಮವೊಂದನ್ನು ಕೈಗೊಂಡರು. ಜಿಲ್ಲಾ ಆಸ್ಪತ್ರೆಯಲ್ಲಿ ಯಂತ್ರಗಳು ನೂರಕ್ಕೆ 95ರಷ್ಟು ಕಾಲ, ಸಮುದಾಯ ಆರೋಗ್ಯ ಕೇಂದ್ರದಲ್ಲಿ 90ರಷ್ಟು, ಪ್ರಾಥಮಿಕ ಕೇಂದ್ರದಲ್ಲಿ 80ರಷ್ಟು ಕಾಲ ನಡೆಯುತ್ತಿರಬೇಕೆಂಬುದು ಅದರ ಗುರಿ. ಕೊಂಡ ಯಂತ್ರ ಮೂಲೆಯಲ್ಲಿ ನಿಂತರೆ ಹಳ್ಳಿಯ ರೋಗಿ ಇದೇ ಪರೀಕ್ಷೆಗೆ ಬಸ್ಸು ಹತ್ತಿ ನಗರಕ್ಕೆ ಬರಬೇಕಾಗುತ್ತದೆ. ಇಲ್ಲವೆ ಪರೀಕ್ಷೆಯಿಲ್ಲದೆಯೇ ಉಳಿಯಬೇಕಾಗುತ್ತದೆ.

2020 ಕಲಿಸಿದ ಪಾಠ

ಎರಡನೆಯ ಘಟ್ಟವಾದ ತಯಾರಿಕೆಯ ಮಹತ್ವವನ್ನು ದೇಶಕ್ಕೆ ತಿಳಿಸಿದ್ದು ಕೋವಿಡ್ ಪಿಡುಗು. 2020ರ ವಸಂತದಲ್ಲಿ ವೆಂಟಿಲೇಟರುಗಳು ಜಗತ್ತಿನ ಎಲ್ಲ ದೇಶಗಳಿಗೂ ಒಮ್ಮೆಲೇ ಬೇಕಾದುವು. ಹಣ ಕೊಟ್ಟರೂ ಹೊರಗಿನಿಂದ ಸಿಕ್ಕದ ಸ್ಥಿತಿಯೊದಗಿತು. ಆಗ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ 30,000 ವೆಂಟಿಲೇಟರುಗಳನ್ನು ತಯಾರಿಸುವ ಕೆಲಸ ಒಪ್ಪಿಸಲಾಯಿತು. ರೇಡಾರು, ಸಂಪರ್ಕ ಸಾಧನಗಳನ್ನು ಮಾಡುವ ಸಂಸ್ಥೆ ಅದು. ವೆಂಟಿಲೇಟರಿನ ವಿನ್ಯಾಸ ಬಂದದ್ದು ಮೈಸೂರಿನ ಸ್ಕ್ಯಾನ್‌ರೇ ಕಂಪನಿಯಿಂದ. ರಕ್ಷಣಾ ಸಂಶೋಧನಾ ಸಂಸ್ಥೆ ನೆರವಾಗಿ ನಿಂತಿತು. ‘ಸಿ.ವಿ. 200’ ಎಂಬ ಹೆಸರಿನ ಆ ಯಂತ್ರಗಳು ಕೆಲವೇ ತಿಂಗಳುಗಳಲ್ಲಿ ಸಿದ್ಧವಾದುವು.

ವೆಂಟಿಲೇಟರೆಂದರೆ ಗಾಳಿ ಊದುವ ತಿದಿಯಲ್ಲ. ಅರುವತ್ತು ಕಿಲೋ ತೂಗುವ ರೋಗಿಗೆ ಒಂದು ಉಸಿರಿಗೆ ಸುಮಾರು 400 ಮಿಲಿಲೀಟರು ಗಾಳಿ ಸಾಕು. ಅದಕ್ಕೆ ಬಹಳ ಮೀರಿದರೆ ಶ್ವಾಸಕೋಶದ ಸೂಕ್ಷ್ಮ ಚೀಲಗಳಿಗೆ ಘಾಸಿಯಾಗುತ್ತದೆ. ಕಡಿಮೆಯಾದರೆ ರಕ್ತಕ್ಕೆ ಆಮ್ಲಜನಕ ಸಾಲದೆ ಹೋಗುತ್ತದೆ. ರೋಗಿ ತಾನಾಗಿ ಉಸಿರೆಳೆಯಲು ತೊಡಗಿದ ಕ್ಷಣವನ್ನು ಯಂತ್ರ ಗುರುತಿಸಿ ಅದಕ್ಕೆ ಹೊಂದಿಕೊಳ್ಳಬೇಕು. ಹರಿವನ್ನು ಅಳೆಯುವ ಸಂವೇದಕ, ಒತ್ತಡವನ್ನು ಅಳೆಯುವ ಸಂವೇದಕ, ಆಮ್ಲಜನಕದ ಪ್ರಮಾಣವನ್ನು ಹೇಳುವ ಸಂವೇದಕ, ಗಾಳಿಯ ದಾರಿಯನ್ನು ಬೇಕಾದಷ್ಟೇ ತೆರೆಯುವ ವಿದ್ಯುತ್ ಕವಾಟ, ಇವು ಅದರ ಮುಖ್ಯ ಅಂಗಗಳು. ಇಂಥ ಬಿಡಿಭಾಗಗಳನ್ನು ಅಲ್ಲಿಯವರೆಗೆ ಹೊರದೇಶಗಳಿಂದಲೇ ತರಿಸುತ್ತಿದ್ದರು. ಆ ಸಂಕಟದಲ್ಲಿ ಅವುಗಳಲ್ಲಿ ಹಲವನ್ನು ದೇಶದ ಉದ್ಯಮಗಳು ಮಾಡಿಕೊಟ್ಟುವು. ಮೈಕ್ರಾನಿನ ಅಳತೆಗೆ ಲೋಹವನ್ನು ಕೊರೆಯಬಲ್ಲ ಪೀಣ್ಯದಂಥ ಕೈಗಾರಿಕಾ ಬಡಾವಣೆ ಏತಕ್ಕೆ ಬೇಕೆಂಬುದು ಇಂಥ ಸಮಯದಲ್ಲಿ ವ್ಯಕ್ತವಾಗುತ್ತದೆ.

ಮರುವರ್ಷ ಆಮ್ಲಜನಕಕ್ಕೇ ಕೊರತೆಯಾಯಿತು. ತೇಜಸ್ ಯುದ್ಧವಿಮಾನದಲ್ಲಿ ಹಾರಾಟಗಾರರಿಗೆ ಆಮ್ಲಜನಕ ಒದಗಿಸಲೆಂದು ಬೆಂಗಳೂರಿನ ರಕ್ಷಣಾ ಜೈವಿಕ ಎಂಜಿನಿಯರಿಂಗ್ ಮತ್ತು ವಿದ್ಯುದ್ವೈದ್ಯಕೀಯ ಪ್ರಯೋಗಾಲಯದವರು ಒಂದು ತಂತ್ರವನ್ನು ಬೆಳೆಸಿದ್ದರು. ಜಿಯೋಲೈಟ್ ಎಂಬ ಖನಿಜದ ಹರಳುಗಳ ಮೂಲಕ ಗಾಳಿಯನ್ನು ಹಾಯಿಸಿದರೆ ಅವು ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಬಿಟ್ಟುಕೊಡುತ್ತವೆ. ಅದೇ ತಂತ್ರದಿಂದ ನಿಮಿಷಕ್ಕೆ 1,000 ಲೀಟರು ಆಮ್ಲಜನಕ ಕೊಡುವ ಘಟಕಗಳು ಆಸ್ಪತ್ರೆಗಳ ಅಂಗಳದಲ್ಲಿ ಎದ್ದುವು.

ಆದರೆ ಅದೇ ಕಾಲದಲ್ಲಿ ಇನ್ನೊಂದು ಮಾತೂ ಕೇಳಿಬಂದಿತು. ಬಂದ ವೆಂಟಿಲೇಟರನ್ನು ಜೋಡಿಸಿ, ಪರೀಕ್ಷಿಸಿ, ನಡೆಸಬಲ್ಲವರಿಲ್ಲದೆ ಹಲವು ಊರುಗಳ ಆಸ್ಪತ್ರೆಗಳಲ್ಲಿ ಅವು ಸುಮ್ಮನೆ ನಿಂತುವು. ಯಂತ್ರಗಳ ಸಂಖ್ಯೆಯನ್ನು ತಿಂಗಳುಗಳಲ್ಲಿ ಹೆಚ್ಚಿಸಬಹುದು. ಅವುಗಳಿಗೆ ಹೊಣೆಯಾಗಬಲ್ಲ ಜನರನ್ನು ತಯಾರಿಸಲು ವರ್ಷಗಳೇ ಬೇಕು.

ಕಾನೂನು ಮತ್ತು ಅಂತಃಸಾಕ್ಷಿ

ಈ ವೃತ್ತಿಯಲ್ಲಿ ಕೈಕೆಲಸದಷ್ಟೇ ಬರವಣಿಗೆಯೂ ಇದೆ. 2017ರ ವೈದ್ಯಕೀಯ ಉಪಕರಣಗಳ ನಿಯಮಾವಳಿ ಉಪಕರಣಗಳನ್ನು ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದೆ. ನಾಲಗೆಯನ್ನು ಒತ್ತಿಹಿಡಿಯುವ ಪಟ್ಟಿ ಮೊದಲನೆಯ ವರ್ಗದ್ದಾದರೆ, ಹೃದಯದಲ್ಲಿ ಕೂಡಿಸುವ ಕೃತಕ ಕವಾಟ ಕೊನೆಯ ವರ್ಗದ್ದು. 2020ರ ಏಪ್ರಿಲಿನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧಗಳಂತೆಯೇ ಕಾನೂನಿನ ಹತೋಟಿಗೆ ಬಂದಿವೆ. ಆದುದರಿಂದ ಕಾರ್ಖಾನೆಯಲ್ಲಿ ದುಡಿಯುವ ಎಂಜಿನಿಯರರು ಪ್ರತಿಯೊಂದು ಬದಲಾವಣೆಯನ್ನೂ ಏಕೆ ಮಾಡಿದೆವು, ಅದರಿಂದ ಯಾವ ಅಪಾಯ ಬರಬಹುದು, ಅದನ್ನು ಹೇಗೆ ತಡೆದೆವು ಎಂದು ಬರೆದಿಡಬೇಕಾಗುತ್ತದೆ. ಐ.ಎಸ್.ಓ. 13485 ಎಂಬ ಗುಣಮಟ್ಟದ ವ್ಯವಸ್ಥೆ ಕೇಳುವುದೂ ಇದನ್ನೇ. ಆಸ್ಪತ್ರೆಯಲ್ಲಿ ಉಪಕರಣದಿಂದ ರೋಗಿಗೆ ತೊಂದರೆಯಾದರೆ ವರದಿ ಮಾಡಲು 2015ರಿಂದ ರಾಷ್ಟ್ರೀಯ ವ್ಯವಸ್ಥೆಯೊಂದಿದೆ. ತಪ್ಪನ್ನು ಮುಚ್ಚಿಡದೆ ವರದಿ ಮಾಡುವುದರಿಂದ ಅದೇ ಬಗೆಯ ಯಂತ್ರವಿರುವ ಇನ್ನೊಂದು ಊರಿನ ರೋಗಿ ಉಳಿದಾನು.

ಅಂತಃಸಾಕ್ಷಿಯ ಪರೀಕ್ಷೆಯೂ ಬರುವುದುಂಟು. ಎಕ್ಸ್‌ರೇ ಯಂತ್ರಗಳಿಗೆ ಪರಮಾಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಅಲ್ಟ್ರಾಸೌಂಡ್ ಯಂತ್ರವನ್ನು ನೋಂದಣಿಯಾಗದ ಕೇಂದ್ರಕ್ಕೆ ಮಾರುವುದು ಅಪರಾಧ. ಹೆಣ್ಣು ಭ್ರೂಣವನ್ನು ಕಾಪಾಡಲೆಂದು 1994ರಲ್ಲಿ ಮಾಡಿದ ಶಾಸನದ ವಿಧಿ ಅದು. ಯಂತ್ರವನ್ನು ಕೂಡಿಸಿಬರಲು ಹೋದ ತರುಣ ಎಂಜಿನಿಯರು ನೋಂದಣಿಯ ಪತ್ರವನ್ನು ಕೇಳಬೇಕು; ಪತ್ರವಿಲ್ಲದಿದ್ದರೆ ಪೆಟ್ಟಿಗೆಯನ್ನು ತೆರೆಯದೆ ಹಿಂದಿರುಗುವ ಧೈರ್ಯ ಬೇಕು.

ಏನು ಓದಬೇಕು?

ಈಗ ಓದಿನ ವಿಷಯ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ‘ವೈದ್ಯಕೀಯ’ ಎಂಬ ಮಾತನ್ನು ನಂಬಿ ಗಣಿತವನ್ನು ಬಿಟ್ಟವರಿಗೆ ಈ ಬಾಗಿಲು ತೆರೆಯುವುದಿಲ್ಲ. ಜೀವಶಾಸ್ತ್ರವನ್ನೂ ಓದಿದ್ದರೆ ಅನುಕೂಲ. ಬಳಿಕ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ನಾಲ್ಕು ವರ್ಷದ ಬಿ.ಇ. ಪದವಿಗೆ ಸೇರಬಹುದು. ಇದೇ ವ್ಯಾಸಂಗ ಕೆಲವು ಕಾಲೇಜುಗಳಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಎಂದೂ ಕೆಲವೆಡೆ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂದೂ ಹೆಸರು ಪಡೆದಿದೆ. ವಿದ್ಯುನ್ಮಂಡಲ, ಸಂಕೇತಗಳ ಸಂಸ್ಕರಣೆ, ಸಂವೇದಕ, ಕಂಪ್ಯೂಟರು ಇವುಗಳೊಡನೆ ಅಂಗರಚನೆ, ಶರೀರಕ್ರಿಯೆ, ದೇಹಕ್ಕೆ ಒಗ್ಗುವ ವಸ್ತುಗಳು, ದೇಹದೊಳಗನ್ನು ಚಿತ್ರಿಸುವ ವಿಧಾನಗಳು ಇದರ ಪಾಠವಸ್ತು. ಡಿಪ್ಲೊಮಾ ಮುಗಿಸಿದವರು ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಮಾರ್ಗವೂ ಇದೆ.

ಮುಂದೆ ಓದಬಯಸುವವರಿಗಾಗಿ ಗೇಟ್ ಪರೀಕ್ಷೆಯಲ್ಲಿ 2020ರಿಂದ ಈ ವಿಷಯದ್ದೇ ಪ್ರತ್ಯೇಕ ಪ್ರಶ್ನಪತ್ರಿಕೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೈವಿಕ ಎಂಜಿನಿಯರಿಂಗಿನ ಸಂಶೋಧನೆ ನಡೆಯುತ್ತದೆ. ಆಸ್ಪತ್ರೆಯ ಯಂತ್ರಗಳ ಬಗೆಗೇ ಆಳವಾಗಿ ಕಲಿಯಲು ಮದರಾಸಿನ ಐ.ಐ.ಟಿ., ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮತ್ತು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗಳು ಕೂಡಿ ಒಂದು ಎಂ.ಟೆಕ್. ವ್ಯಾಸಂಗವನ್ನು ನಡೆಸುತ್ತ ಬಂದಿವೆ. ಭಾರತದಲ್ಲೇ ರೂಪುಗೊಂಡ ಕೃತಕ ಹೃದಯಕವಾಟವನ್ನು 1990ರಲ್ಲಿ ಮೊದಲು ರೋಗಿಗೆ ಕೂಡಿಸಿದ್ದು ಈ ಶ್ರೀ ಚಿತ್ರಾ ಸಂಸ್ಥೆಯಲ್ಲಿಯೇ.

ಪದವಿಯೊಂದರಿಂದಲೇ ಕೆಲಸ ಸಿದ್ಧವೆಂದು ನಾವು ಹೇಳಲಾರೆವು. ಕಾರ್ಖಾನೆಗಳು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಪದವೀಧರರನ್ನೂ ಇದೇ ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಅವರೊಡನೆ ಪೈಪೋಟಿ ನಡೆಸಬೇಕು. ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಸಾಮಾನ್ಯವಾಗಿ ಅಲ್ಪ. ಅದೇ ವೈಟ್‌ಫೀಲ್ಡಿನ, ಅದೇ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಟ್ಟಡಗಳು ಹೆಚ್ಚು ಸಂಬಳ ತೋರಿಸಿ ಕರೆಯುತ್ತವೆ; ಹೋಗುವವರನ್ನು ದೂರುವುದು ಸರಿಯಲ್ಲ. ಆದರೆ ಇದರ ಫಲ ಯಾರ ಮೇಲೆ ಬೀಳುತ್ತದೆಂಬುದನ್ನು ಆಸ್ಪತ್ರೆಗಳನ್ನು ನಡೆಸುವವರು ಯೋಚಿಸಬೇಕು. ಕೋಟಿಗಟ್ಟಲೆ ಹಣ ಸುರಿದು ಯಂತ್ರ ತರಿಸಿ, ಅದನ್ನು ಕಾಯುವವರ ಸಂಬಳದಲ್ಲಿ ಜಿಪುಣತನ ತೋರುವುದು ಆನೆಯನ್ನು ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ.

ಪರೀಕ್ಷೆಯ ಅಂಕಗಳಲ್ಲಿ ಕಾಣದ ಕೆಲವು ಗುಣಗಳೂ ಬೇಕು. ಬೆಸುಗೆ ಹಾಕಲು, ಸ್ಕ್ರೂ ಬಿಗಿಸಲು ಹಿಂಜರಿಯದ ಕೈ ಬೇಕು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಗಾಬರಿಯಾಗದ ಮನಸ್ಸು ಬೇಕು. ಎಲ್ಲಕ್ಕೂ ಮಿಗಿಲಾಗಿ ಕೇಳುವ ತಾಳ್ಮೆ ಬೇಕು. ‘ರಾತ್ರಿ ಹೊತ್ತು ಈ ಮಾನಿಟರು ಸುಮ್ಮಸುಮ್ಮನೆ ಕೂಗುತ್ತದೆ’ ಎಂದು ದಾದಿಯೊಬ್ಬಳು ಹೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಪದೇ ಪದೇ ಸುಳ್ಳು ಕೂಗುವ ಯಂತ್ರಕ್ಕೆ ಕಿವಿ ಒಗ್ಗಿಹೋಗಿ, ನಿಜವಾದ ಕೂಗು ಬಂದಾಗ ಯಾರೂ ಏಳದೆ ಹೋಗಬಹುದು. ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿದ್ದರೂ ಅದನ್ನು ಬಳಸುವವರಿಗೆ ಅವರ ಮಾತಿನಲ್ಲಿಯೇ ವಿವರಿಸಬಲ್ಲವರು ಅರ್ಧ ಕೆಲಸವನ್ನು ಗೆದ್ದಂತೆಯೇ.

ನಮ್ಮ ದೇಶ ಬಳಸುವ ವೈದ್ಯಕೀಯ ಉಪಕರಣಗಳಲ್ಲಿ ಬಹುಪಾಲು ಇನ್ನೂ ಹೊರಗಿನಿಂದಲೇ ಬರುತ್ತಿವೆ. ಇಲ್ಲಿಯೇ ತಯಾರಿಸಬೇಕೆಂಬ ಪ್ರಯತ್ನಗಳು ನಡೆದಿವೆ. 2022ರಲ್ಲಿ ವೈಟ್‌ಫೀಲ್ಡಿನ ವಿಪ್ರೊ ಜಿ.ಇ. ಸಂಸ್ಥೆ ಸರ್ಕಾರದ ಪ್ರೋತ್ಸಾಹ ಯೋಜನೆಗೆ ಹೊಂದಿಕೊಂಡು ಸಿ.ಟಿ. ಮೊದಲಾದ ಯಂತ್ರಗಳಿಗಾಗಿ ಹೊಸ ಕಾರ್ಖಾನೆಯನ್ನು ತೆರೆಯಿತು. ಯಂತ್ರ ಎಲ್ಲಿಯದೇ ಆಗಲಿ, ಅದು ದುಡಿಯುವುದು ನಮ್ಮ ಊರಿನ ಆಸ್ಪತ್ರೆಯಲ್ಲಿ, ಮಲಗಿರುವುದು ನಮ್ಮವರು. ವಾಚಕರು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಹಾಸಿಗೆಯ ಬದಿಯ ಯಂತ್ರವನ್ನೊಮ್ಮೆ ನೋಡಲಿ. ಅದರ ಮಗ್ಗುಲಲ್ಲೋ ಹಿಂಭಾಗದಲ್ಲೋ ಒಂದು ಪುಟ್ಟ ಚೀಟಿ ಅಂಟಿಸಿರಬೇಕು. ಪರೀಕ್ಷೆ ನಡೆದ ದಿನ, ಮುಂದಿನ ಪರೀಕ್ಷೆಯ ದಿನ, ಕೆಳಗೊಂದು ರುಜು, ಇಷ್ಟೇ ಅದರಲ್ಲಿರುತ್ತದೆ. ಚೀಟಿಯಿಲ್ಲದಿದ್ದರೆ ಅಥವಾ ದಿನ ಮೀರಿದ್ದರೆ, ಏಕೆಂದು ವಿನಯದಿಂದ ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.